ಕಲ್ಯಾಣದ ಕಥೆಯೂ ದೃಶ್ಯಕಾವ್ಯವೂ

ನಾಟಕದ ವಸ್ತುವು ಮೂರು ವಿಧವೆಂದು ಆಲಂಕಾರಿಕರು ಹೇಳುವರು. ಇತಿಹಾಸಪುರಾಣಗಳಿಂದ ತೆಗೆದುಕೊಂಡುದು ಪ್ರಖ್ಯಾತವು. ಕವಿಯು ಸ್ವಬುದ್ಧಿಯಿಂದ ಕಲ್ಪಿಸಿದುದು ಉತ್ಪಾದ್ಯವು. ಇವೆರಡೂ ಬೆರೆತುದು ಮಿಶ್ರವು. ಪ್ರಖ್ಯಾತವಸ್ತುವನ್ನು ಕೈಕೊಂಡ ಕವಿಗೆ ಆ ಕಥೆಯನ್ನು ತಿದ್ದುವ ಅಧಿಕಾರವುಂಟೆ ಎಂಬ ಪ್ರಶ್ನೆಗೆ ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ಸ್ಪಷ್ಟವಾಗಿ ಉತ್ತರ ಕೊಟ್ಟಿರುವನು: ನಾಯಕನಿಗಾಗಲಿ ರಸಕ್ಕಾಗಲಿ ವಿರುದ್ಧವಾದುದು ಮೂಲಕಥೆಯಲ್ಲಿದ್ದರೆ ಅದನ್ನು ಬಿಡಬಹುದು, ಇಲ್ಲವೆ ಬೇರೆ ರೀತಿಯಾಗಿ ಕಲ್ಪಿಸಬಹುದು. ಮಹಾಭಾರತದ ದುಷ್ಯಂತನು ಶಕುಂತಳೆಯನ್ನು ಅರಿತೂ ಅರಿಯದವನಂತೆ ನುಡಿಯುವನು. ಕಾಳಿದಾಸನು ದುರ್ವಾಸರ ಶಾಪವನ್ನೂ ಕಳೆದುಹೋದ ಉಂಗುರವನ್ನೂ ನಡುವೆ ತಂದು ಆ ಕಳಂಕವನ್ನು ತೊಡೆದನು. ಸಹೃದಯರು ಅದನ್ನು ಮೆಚ್ಚಿದರೇ ಹೊರತು ಯಾರೂ ಆಕ್ಷೇಪಿಸಲಿಲ್ಲ.

ಆದರೆ ದುಷ್ಯಂತನಿಗೆ ಇಂದು ಭಕ್ತರಿಲ್ಲ; ಅವನ ಹೆಸರಿನಲ್ಲಿ ಮಠವಿಲ್ಲ, ಜಯಂತಿಯಿಲ್ಲ. ಯಾವ ಮಹಾಪುರುಷರ ನುಡಿಯನ್ನು ಜನರು ಪ್ರತಿದಿನವೂ ಪ್ರಾತಃಕಾಲದಲ್ಲಿ ಪಠಿಸುವರೋ, ಯಾರು ಐಕ್ಯರಾದ ಸ್ಥಳಕ್ಕೆ ವರ್ಷವರ್ಷವೂ ಯಾತ್ರೆ ಹೋಗುವರೋ, ಅಂಥವರ ಚರಿತ್ರೆಯು ರಂಗಭೂಮಿಗೆ ಬಂದಾಗ ಧನಂಜಯನ ಸೂತ್ರವು ಹೊಸ ತೊಡಕನ್ನು ಹುಟ್ಟಿಸುತ್ತದೆ. ನಾಯಕನಿಗೆ ವಿರುದ್ಧವಾದುದು ಯಾವುದು? ಅದನ್ನು ನಿರ್ಣಯಿಸತಕ್ಕವರು ಯಾರು? ಒಂದು ಕಾಲದವರಿಗೆ ನಾಯಕನ ಕೀರ್ತಿಯಾಗಿ ತೋರಿದುದು ಮತ್ತೊಂದು ಕಾಲದವರಿಗೆ ಅವನ ಕಳಂಕವಾಗಿ ತೋರಿದರೆ ನಾಟಕಕಾರನು ಯಾರ ಪಕ್ಷವನ್ನು ಹಿಡಿಯಬೇಕು? ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯಲ್ಲಿ ಈ ಪ್ರಶ್ನೆಯು ಎದುರಾದಷ್ಟು ಬಲವಾಗಿ ಕನ್ನಡನಾಡಿನ ಮತ್ತಾವ ಕಥೆಯಲ್ಲಿಯೂ ಎದುರಾಗಿಲ್ಲ.

ನಡೆದ ಸಂಗತಿಗೆ ಸಾಕ್ಷಿಯೆಷ್ಟು ಎಂಬುದನ್ನು ಮೊದಲು ನೋಡಬೇಕು. ಕಳಚುರ್ಯ ವಂಶದ ಬಿಜ್ಜಳನು ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು, ತನ್ನ ಒಡೆಯನಾದ ಮೂರನೆಯ ತೈಲಪನ ಬಲವು ಕುಗ್ಗಿದಾಗ ರಾಜ್ಯವನ್ನು ತಾನೇ ವಶಪಡಿಸಿಕೊಂಡು, 1162ರ ಹೊತ್ತಿಗೆ ಸಾರ್ವಭೌಮ ಬಿರುದುಗಳನ್ನು ಧರಿಸಿದನು. 1167ರ ಸುಮಾರಿನಲ್ಲಿ ಅಧಿಕಾರವು ಅವನ ಮಗನಾದ ರಾಯಮುರಾರಿ ಸೋವಿದೇವನ ಕೈಸೇರಿತು. ಇಷ್ಟನ್ನು ಶಾಸನಗಳು ಹೇಳುತ್ತವೆ. ಬಸವೇಶ್ವರರ ಹೆಸರನ್ನು ಕಾಣಬೇಕಾದರೆ ಹುಕ್ಕೇರಿಯ ಬಳಿಯ ಅರ್ಜುನವಾಡದ ಶಾಸನದವರೆಗೆ ಬರಬೇಕು. ಸೇವುಣರ ಕನ್ನರನ ಆಳ್ವಿಕೆಯಲ್ಲಿ 1260ರಲ್ಲಿ ಹುಟ್ಟಿದ ಆ ಶಾಸನದಲ್ಲಿ ಸಂಗನಬಸವನೆಂಬ ಹೆಸರು ಭಕ್ತಿಯಿಂದ ಸ್ಮರಿಸಲ್ಪಟ್ಟಿದೆ. ಹರಳಯ್ಯನವರ ಹೆಸರನ್ನಾಗಲಿ ಮಧುವರಸರ ಹೆಸರನ್ನಾಗಲಿ ಕಲ್ಲಿನಲ್ಲಿ ಕೆತ್ತಿಸಿದ ಅರಸರಿಲ್ಲ. ಅರಸನು ಶಿಕ್ಷಿಸಿದವರ ಹೆಸರನ್ನು ಅರಸನ ಶಾಸನದಲ್ಲಿ ಹುಡುಕುವುದೂ ಒಂದು ಸಾಹಸವೇ ಸರಿ.

ಹಾವೇರಿ ಸೀಮೆಯ ಅಬ್ಬಲೂರಿನ ಶಾಸನವು ಈ ಪ್ರಸಂಗದಲ್ಲಿ ಬಹಳ ಮುಖ್ಯವಾದುದು. ಸುಮಾರು 1200ರ ಆ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಣವನ್ನು ಕಟ್ಟಿ, ತನ್ನ ಶಿರಸ್ಸನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆದನೆಂಬ ವೃತ್ತಾಂತವನ್ನು ಹೇಳಿ, ಬಿಜ್ಜಳನು ಇಬ್ಬರ ವಾದವನ್ನೂ ಕೇಳಿ ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನೆಂದು ತಿಳಿಸುತ್ತದೆ. ಅದೇ ಊರಿನಲ್ಲಿ ಈ ಕಥೆಯ ಘಟನೆಗಳನ್ನು ಶಿಲೆಯಲ್ಲಿ ಬಿಡಿಸಿ, ಇಲ್ಲಿ ಇಂಥದು ನಡೆಯಿತೆಂದು ಚಿತ್ರಗಳ ಬಳಿಯಲ್ಲಿ ಬರೆದಿದ್ದಾರೆ. ನಡೆದುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬೇಕೆಂಬ ಆಸೆಯು ಶರಣಪರಂಪರೆಯಲ್ಲಿ ಎಷ್ಟು ಹಳೆಯದೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಅಲ್ಲಿಯ ಬಿಜ್ಜಳನು ವಿಚಾರಿಸಿ ನ್ಯಾಯವನ್ನು ನುಡಿಯುವ ಅರಸನೆಂಬುದನ್ನೂ ನೆನಪಿನಲ್ಲಿಡಬೇಕು. ಪುರಾಣದ ಬಿಜ್ಜಳನು ಬೇರೆಯವನು.

ಪುರಾಣಗಳ ಕಡೆಗೆ ತಿರುಗಿದರೆ ಕಥೆಯು ಹೇರಳವಾಗಿ ದೊರೆಯುತ್ತದೆ. ಆದರೆ ಒಂದೇ ಕಥೆಯು ದೊರೆಯುವುದಿಲ್ಲ. ಹರಿಹರನ ಬಸವರಾಜದೇವರ ರಗಳೆಯು ನಮಗೆ ಪೂರ್ಣವಾಗಿ ಉಳಿದಿಲ್ಲವಾದುದರಿಂದ ಕಥೆಯ ಕೊನೆಯನ್ನು ಆ ಮಹಾಕವಿಯ ಬಾಯಿಂದ ಕೇಳುವ ಭಾಗ್ಯ ತಪ್ಪಿತು. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಬಿಜ್ಜಳನು ಇಬ್ಬರು ಶಿವಭಕ್ತರ ಕಣ್ಣುಗಳನ್ನು ಕೀಳಿಸುವನು. ಬಸವೇಶ್ವರರು ಜಗದೇವನಿಗೆ ಶಿವದ್ರೋಹಿಯ ವಧೆಯನ್ನು ಒಪ್ಪಿಸಿ ಕಲ್ಯಾಣವನ್ನು ಬಿಡುವರು. ಜಗದೇವನು ಮಲ್ಲಯ್ಯ ಬೊಮ್ಮಯ್ಯರೊಡನೆ ಹೋಗಿ ಅರಸನನ್ನು ಕೊಲ್ಲುವನು. ಆ ಶಿಕ್ಷೆಗೆ ವಿವಾಹದ ಕಾರಣವು ಅಲ್ಲಿಲ್ಲ. 1584ರ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣಕ್ಕೆ ಬಂದರೆ ಶಿಕ್ಷೆಯ ರೀತಿಯೂ ಬದಲಾಗಿದೆ, ಕೊಂದವರು ದೀವಟಿಗೆಯವರಾಗಿ ಕಾಣಿಸುತ್ತಾರೆ. ಜೈನರ ಬಿಜ್ಜಳರಾಯಚರಿತೆಯಲ್ಲಿಯಾದರೋ ಇವು ಯಾವುವೂ ಇಲ್ಲ. ಅರಸನು ದಂಡಯಾತ್ರೆಯಿಂದ ಮರಳುವಾಗ ಭೀಮಾನದಿಯ ತೀರದಲ್ಲಿ ವಿಷದ ಹಣ್ಣಿನಿಂದ ಮೃತನಾದನೆಂದು ಅದು ಹೇಳುತ್ತದೆ. ಶಾಸನಗಳ ಬಲದಿಂದ ಅರಸನು ಜೀವಂತನಿರುವಾಗಲೇ ಪಟ್ಟವನ್ನು ಮಗನಿಗೆ ಬಿಟ್ಟುಕೊಟ್ಟನೆಂದು ಊಹಿಸಿದ ಸಂಶೋಧಕರೂ ಉಂಟು.

ಮಧ್ಯಯುಗದ ಕವಿಗಳಿಗೆ ಶಿವದ್ರೋಹಿಯ ವಧೆಯು ಭಕ್ತಿಯ ಪರಾಕಾಷ್ಠೆಯಾಗಿದ್ದಿತು. ಅದನ್ನು ಬಸವೇಶ್ವರರ ಆಜ್ಞೆಯಿಂದ ನಡೆದುದಾಗಿ ಹೇಳಿದಾಗ ಅವರು ಗುರುವಿಗೆ ಕಿರೀಟವನ್ನಿಟ್ಟೆವೆಂದೇ ಭಾವಿಸಿದರು. ದಯೆಯೇ ಧರ್ಮದ ಬೇರೆಂದು ಸಾರಿದವರು ಕೊಲೆಗೆ ಅಪ್ಪಣೆ ಕೊಟ್ಟರೆಂಬುದನ್ನು ಇಂದಿನ ಭಕ್ತನು ಒಪ್ಪಲಾರನು. ಪುರಾಣಕರ್ತನಿಗೆ ಹೆಮ್ಮೆಯಾಗಿದ್ದುದು ನಾಟಕಕಾರನಿಗೆ ತೊಡಕಾಯಿತು. ಹಳೆಯ ಕೃತಿಗಳಲ್ಲಿ ವಧೆಯನ್ನು ಒಪ್ಪಿಸುವ ಬಸವೇಶ್ವರರು ನಮ್ಮ ಕಾಲದ ರಂಗದ ಮೇಲೆ ವಧೆಯನ್ನು ತಡೆಯಲೆತ್ನಿಸುವ ಬಸವೇಶ್ವರರಾಗಿದ್ದಾರೆ. ಕಾಳಿದಾಸನು ಶಾಪವನ್ನು ತಂದುದಕ್ಕಿಂತ ಈ ಮಾರ್ಪಾಟು ದೊಡ್ಡದು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಇದಕ್ಕೆ ಸಮರ್ಥನೆಯಿದೆ, ಆ ಸಮರ್ಥನೆಯು ಪುರಾಣಗಳಲ್ಲಿಲ್ಲ, ವಚನಗಳಲ್ಲಿದೆ. ಪುರಾಣಗಳು ಬಸವೇಶ್ವರರು ಐಕ್ಯರಾಗಿ ತಲೆಮಾರುಗಳು ಕಳೆದ ಮೇಲೆ ಹುಟ್ಟಿದವು; ವಚನಗಳಾದರೋ ಅವರ ಸ್ವಂತ ನುಡಿ. ಇವೆರಡಕ್ಕೂ ವಿರೋಧ ಬಂದಲ್ಲಿ ವಚನವನ್ನು ಹಿಡಿದವನನ್ನು ಚರಿತ್ರೆಯನ್ನು ಕೆಡಿಸಿದವನೆನ್ನಲಾಗದು.

ವಚನಗಳನ್ನು ಸಂಭಾಷಣೆಯಾಗಿ ಮಾರ್ಪಡಿಸಿದ ಮೊದಲ ಕೀರ್ತಿಯು ಯಾವ ನಾಟಕಕಾರನಿಗೂ ಸಲ್ಲತಕ್ಕುದಲ್ಲ. ಕನ್ನಡದಲ್ಲಿ ಉಳಿದುಬಂದ ಮೊದಲ ನಾಟಕವಾದ ಸಿಂಗರಾರ್ಯನ ಮಿತ್ರವಿಂದಾಗೋವಿಂದವು ಹದಿನೇಳನೆಯ ಶತಮಾನದಲ್ಲಿ ಹುಟ್ಟಿತು. ಅದೂ ಸಂಸ್ಕೃತದ ರತ್ನಾವಳಿಯನ್ನು ಅನುಸರಿಸಿದ್ದು. ಅದಕ್ಕೆ ಎರಡು ಶತಮಾನಗಳಿಗಿಂತಲೂ ಮುಂಚೆಯೇ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಸಂಕಲಿಸಿದ್ದರು. ಹಲಗೆಯಾರ್ಯರೂ ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಗೂಳೂರ ಸಿದ್ಧವೀರಣ್ಣೊಡೆಯರೂ ಅದನ್ನು ಮತ್ತೆ ಮತ್ತೆ ತಿದ್ದಿ ಬೆಳೆಸಿದರು. ಆ ಸಂಕಲನಕಾರರ ಕೆಲಸವನ್ನು ಸಾವಧಾನದಿಂದ ಪರಿಶೀಲಿಸಬೇಕು. ಅವರ ಮುಂದೆ ಇದ್ದುದು ಬಿಡಿಬಿಡಿಯಾದ ವಚನಗಳು. ಯಾವ ವಚನವು ಯಾವ ಊರಿನಲ್ಲಿ, ಯಾವ ಪ್ರಸಂಗದಲ್ಲಿ, ಯಾರ ಎದುರಿನಲ್ಲಿ ಹುಟ್ಟಿತೆಂಬ ಗುರುತು ಬಹುಮಟ್ಟಿಗೆ ಅಳಿದುಹೋಗಿತ್ತು. ಅವರು ಪ್ರಭುದೇವರನ್ನು ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸಿ, ಒಬ್ಬೊಬ್ಬ ಶರಣರನ್ನಾಗಿ ಅವರೆದುರಿಗೆ ತಂದು, ಒಂದು ವಚನವು ಪ್ರಶ್ನೆಯಾಗುವಂತೆಯೂ ಮತ್ತೊಂದು ಉತ್ತರವಾಗುವಂತೆಯೂ ಜೋಡಿಸಿದರು. ನಡುವೆ ಎರಡು ಸಾಲಿನ ಗದ್ಯವನ್ನಿಟ್ಟು ಪಾತ್ರಪ್ರವೇಶವನ್ನು ಸೂಚಿಸಿದರು. ವೇಷವೂ ಪರದೆಯೂ ಇಲ್ಲವೆಂಬುದನ್ನು ಬಿಟ್ಟರೆ ಅದು ನಾಟಕವೇ.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ನೋಡಿರಿ. ಬಸವೇಶ್ವರರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆ ಶರಣನ ಕಾಯಕ. ಒಂದು ದಿನ ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕದ ಹೊತ್ತು ಮೀರುತ್ತದೆ. ಸತಿ ಲಕ್ಕಮ್ಮನು ಬಂದು ಎಚ್ಚರಿಸುವಳು. ಅವಸರದಿಂದ ಹೋದ ಮಾರಯ್ಯನು ದಿನದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ತರುವನು. ಲಕ್ಕಮ್ಮನು ಅದನ್ನು ಕಂಡು, ಈ ಹೆಚ್ಚಿನ ಆಸೆಯು ನಮಗೇಕೆ, ಚೆಲ್ಲಿದ ಎಡೆಯಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಮರಳಿ ಕಳುಹಿಸುವಳು. ರಂಗಕ್ಕೆ ಬೇಕಾದುದೆಲ್ಲವೂ ಇಲ್ಲಿದೆ: ಇಬ್ಬರು ವ್ಯಕ್ತಿಗಳು, ಒಂದು ಗಂಟು ಅಕ್ಕಿ, ಹೋಗುವ ದಾರಿ, ಮರಳುವ ದಾರಿ. ಬಡವರ ಮನೆಯ ಹೆಣ್ಣುಮಗಳು ಅರಸನ ಭಂಡಾರಿಯ ಅಂಗಳಕ್ಕೆ ಅಕ್ಕಿಯನ್ನು ಹಿಂದಿರುಗಿಸುವ ಈ ದೃಶ್ಯಕ್ಕೆ ಸಮನಾದುದನ್ನು ದೊಡ್ಡ ದೊಡ್ಡ ಸೀನರಿಗಳನ್ನು ಕಟ್ಟಿದ ಮಂಡಲಿಗಳು ಕೂಡ ಹೆಚ್ಚಾಗಿ ಕೊಡಲಿಲ್ಲವೆಂದರೆ ತಪ್ಪಾಗಲಾರದು.

ಈ ಸಂಕಲನಕಾರರು ಕಥೆಯನ್ನು ಧಾರಾಳವಾಗಿ ಕಲ್ಪಿಸಿದರು, ಕಾಲದೇಶಗಳನ್ನು ಹೊಂದಿಸಿಕೊಂಡರು. ವಚನಕಾರರೆಲ್ಲರೂ ಒಂದೇ ಸಭೆಯಲ್ಲಿ ಆ ಕ್ರಮದಲ್ಲಿ ಕುಳಿತು ಮಾತನಾಡಿದರೆಂದು ಚರಿತ್ರಕಾರನು ಹೇಳಲಾರನು. ಅವರು ಕಟ್ಟಿದುದು ಪ್ರಸಂಗವನ್ನು. ನುಡಿಗೆ ಮಾತ್ರ ಶರಣರ ವಚನಗಳನ್ನೇ ಆಶ್ರಯಿಸಿದರು. ಇದೇ ವಿವೇಕವನ್ನು ಮುಂದಿನವರೆಲ್ಲರೂ ಪಾಲಿಸಿದ್ದರೆ ಎಷ್ಟೋ ವಿವಾದಗಳು ಹುಟ್ಟುತ್ತಿರಲಿಲ್ಲ.

ಅಕ್ಕಮಹಾದೇವಿಯ ಕಥೆಯಲ್ಲಿ ವಿವಾದವು ಹುಟ್ಟಿದುದು ಹೀಗೆಯೇ. ಹರಿಹರನ ರಗಳೆಯಲ್ಲಿ ಉಡುತಡಿಯ ಕನ್ಯೆಯು ಕೌಶಿಕನ ಅರಮನೆಯನ್ನು ಕರಾರುಗಳೊಡನೆ ಪ್ರವೇಶಿಸಿ, ಅವನು ಮಾತು ತಪ್ಪಿದಾಗ ಎಲ್ಲವನ್ನೂ ತೊರೆದು ಹೊರಡುವಳು. ವಿವಾಹವೇ ನಡೆಯಲಿಲ್ಲವೆಂಬುದು ಮತ್ತೊಂದು ಪರಂಪರೆ. ನಾಟಕಕಾರನು ಎರಡನ್ನೂ ಏಕಕಾಲದಲ್ಲಿ ತೋರಿಸಲಾರನು. ಓದುವ ಗ್ರಂಥದಲ್ಲಿ ಎರಡು ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ಪಂಡಿತನು ಸುಮ್ಮನಿರಬಹುದು. ರಂಗದ ಮೇಲೆ ಅಕ್ಕನು ಅರಮನೆಯ ಹೊಸ್ತಿಲನ್ನು ದಾಟಬೇಕು, ಇಲ್ಲವೆ ದಾಟಬಾರದು. ನಾಟಕವು ಚರಿತ್ರೆಗಿಂತ ಕಠಿನವಾದುದು ಈ ಕಾರಣದಿಂದ.

ಕಲ್ಯಾಣದ ಕಥೆಯು ಪರದೆ ದೀಪಗಳ ರಂಗಕ್ಕೆ ಬಂದುದು ತೀರ ಇತ್ತೀಚಿನ ಸಂಗತಿ. ಅದಕ್ಕೆ ಮುಂಚೆ ಜಾತ್ರೆಗಳಲ್ಲಿ ಬಯಲಾಟಗಳೂ ಸಣ್ಣಾಟಗಳೂ ನಡೆಯುತ್ತಿದ್ದವು. ರಾಘವಾಂಕನು ಸಂಭಾಷಣೆಯಲ್ಲಿಯೇ ಕಡೆದಿಟ್ಟ ಹರಿಶ್ಚಂದ್ರನ ಕಥೆಯು ಊರೂರಿನಲ್ಲಿಯೂ ಕಣ್ಣೀರು ತರಿಸುತ್ತಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಮಂಡಲಿಯು ಚನ್ನಬಸವೇಶ್ವರರ ಹೆಸರನ್ನೇ ಹೊತ್ತುಕೊಂಡಿತು. ಮುಂದೆ ವೀರಣ್ಣನವರ ಕೈಯಲ್ಲಿ ಅದು ನಾಡಿಗೆಲ್ಲಾ ಮಾದರಿಯಾಯಿತು. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಹರ್ಡೇಕರ ಮಂಜಪ್ಪನವರು ಬಸವಜಯಂತಿಯನ್ನು ಆರಂಭಿಸಿದರು. ಹತ್ತು ವರ್ಷಗಳ ಬಳಿಕ, 1923ರಲ್ಲಿ, ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ಅದುವರೆಗೆ ಓಲೆಗರಿಗಳ ಕಟ್ಟುಗಳಲ್ಲಿ ಮಠದ ಮಾಡಗಳಲ್ಲಿದ್ದ ನುಡಿಯು ಪೇಟೆಯ ನಾಟಕಕಾರನ ಮೇಜಿಗೆ ಬಂದಿತು. ಕಥೆಗಾಗಿ ಪುರಾಣಗಳನ್ನೇ ಆಶ್ರಯಿಸಬೇಕಾಗಿದ್ದವನಿಗೆ ಈಗ ಪಾತ್ರಗಳ ಸ್ವಂತ ಮಾತೇ ದೊರೆತುದರ ಪರಿಣಾಮವು ಸಾಮಾನ್ಯವಾದುದಲ್ಲ. ಪವಾಡಗಳು ಹಿಂದೆ ಸರಿದವು. ಮಾತು ಮುಂದೆ ಬಂದಿತು.

ಉತ್ತರ ಕರ್ನಾಟಕದಲ್ಲಿ ಏಣಗಿ ಬಾಳಪ್ಪನವರು ಬಸವೇಶ್ವರರ ಪಾತ್ರದಿಂದ ಮನೆಮಾತಾದರು. ನೂರು ವರ್ಷ ದಾಟಿ ಬಾಳಿ 2017ರಲ್ಲಿ ಲಿಂಗೈಕ್ಯರಾದ ಆ ನಟರನ್ನು ನೆನೆಯುವವರು ಮೊದಲು ನೆನೆಯುವುದು ಆ ವೇಷವನ್ನೇ. 1959ರಲ್ಲಿ ಇದೇ ಕಥೆಯು ಜಗಜ್ಯೋತಿ ಬಸವೇಶ್ವರವೆಂಬ ಚಲಚ್ಚಿತ್ರವಾಯಿತು. ಹೊನ್ನಪ್ಪ ಭಾಗವತರು ಬಸವೇಶ್ವರರಾದರು, ರಾಜಕುಮಾರರು ಬಿಜ್ಜಳನಾದರು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಸ್ವತಃ ಲೇಖನಿಯನ್ನು ಹಿಡಿದು ‘ಮರಣವೇ ಮಹಾನವಮಿ’ ಮುಂತಾದ ನಾಟಕಗಳನ್ನು ರಚಿಸಿದರು. ಜಗದ್ಗುರುಗಳು ನಾಟಕವನ್ನು ಬರೆಯಬಹುದೆ ಎಂದು ಹುಬ್ಬೇರಿಸುವವರು ಶೂನ್ಯಸಂಪಾದನೆಯ ಸಂಕಲನಕಾರರು ಯಾರೆಂಬುದನ್ನು ಮರೆತವರೇ ಆಗಿರಬೇಕು. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರವೆಂಬ ಸಂಚಾರಿ ನಾಟಕತಂಡವನ್ನು ಕಟ್ಟಿದುದು ಇದೇ ದಾರಿಯ ಮುಂದುವರಿಕೆ.

ಮಠದ ಹೊರಗಿನ ಲೇಖಕರು ಈ ಕಥೆಯನ್ನು ಕೈಗೆತ್ತಿಕೊಂಡಾಗ ಬೇರೊಂದು ಬಗೆಯ ಪರೀಕ್ಷೆ ನಡೆಯಿತು. ಪಿ. ಲಂಕೇಶರ ಸಂಕ್ರಾಂತಿಯು 1971ರಲ್ಲಿಯೂ, ಎಚ್. ಎಸ್. ಶಿವಪ್ರಕಾಶರ ಮಹಾಚೈತ್ರವು 1986ರಲ್ಲಿಯೂ, ಗಿರೀಶ ಕಾರ್ನಾಡರ ತಲೆದಂಡವು 1990ರಲ್ಲಿಯೂ ಹೊರಬಂದವು. ಸಂಶೋಧಕರಾದ ಎಂ. ಎಂ. ಕಲಬುರ್ಗಿಯವರೂ ‘ಕೆಟ್ಟಿತ್ತು ಕಲ್ಯಾಣ’ವೆಂಬ ನಾಟಕವನ್ನು ಬರೆದರು. ಲಂಕೇಶರು ಹರಳಯ್ಯ ಮಧುವರಸರ ಮಕ್ಕಳ ಕಥೆಯ ಸ್ಥಾನದಲ್ಲಿ ಉಜ್ಜ, ಅವನ ಮಗ ರುದ್ರ, ಬ್ರಾಹ್ಮಣ ಕನ್ಯೆ ಉಷಾ ಎಂಬ ಕಲ್ಪಿತಪಾತ್ರಗಳನ್ನು ತಂದರು. ಹಳೆಯ ಪರಿಭಾಷೆಯಲ್ಲಿ ಇದು ಮಿಶ್ರವಸ್ತು. ಹೆಸರನ್ನು ಬದಲಿಸಿದವನು ತನ್ನ ಕಲ್ಪನೆಯನ್ನು ಕಲ್ಪನೆಯೆಂದೇ ಒಪ್ಪಿಕೊಂಡಂತಾಯಿತು. ಭಕ್ತರ ಮನಸ್ಸಿಗೆ ಅದರಿಂದ ನೋವಾಗಬಹುದು, ಆದರೆ ಚರಿತ್ರೆಗೆ ಮೋಸವಾಗುವುದಿಲ್ಲ. ಕಾರ್ನಾಡರ ದಾರಿ ಬೇರೆ. ಅವರು ಹೆಸರುಗಳನ್ನು ಉಳಿಸಿಕೊಂಡು ಬಿಜ್ಜಳನ ಹೃದಯವನ್ನು ಬಿಚ್ಚಿದರು. ಅವರ ಬಿಜ್ಜಳನು ತನ್ನ ಹುಟ್ಟಿನ ಕೀಳರಿಮೆಯನ್ನು ಮರೆಯಲಾರದವನು, ಬಸವಣ್ಣನವರನ್ನು ಪ್ರೀತಿಸುವವನು, ಮಗನಿಂದಲೇ ಬಂಧಿತನಾದವನು. ಕೊನೆಗೆ ಗುಡಿಯೊಳಗೆ ಜಗದೇವನ ಕೈಯಿಂದ ಹತನಾಗುವನು. ಪುರಾಣವನ್ನು ಮಾತ್ರ ಬಲ್ಲವನು ಇಂಥ ಬಿಜ್ಜಳನನ್ನು ಕಂಡು ಬೆಚ್ಚುವುದು ಸಹಜ. ಅಬ್ಬಲೂರಿನ ಶಾಸನವನ್ನು ಬಲ್ಲವನು ಅಷ್ಟು ಬೆಚ್ಚಲಾರನು.

ವಿವಾಹದ ವಿಷಯದಲ್ಲಿಯೂ ಒಂದು ಮಾತು ಅವಶ್ಯಕ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಮೂಲದ ಮಧುವರಸರ ಮಗಳಿಗೂ ನಡೆದ ಲಗ್ನವು ಇಂದಿನ ರಂಗದಲ್ಲಿ ಈ ಕಥೆಯ ಬೆನ್ನೆಲುಬು. ಅದನ್ನು ತೆಗೆದರೆ ಹೆಚ್ಚಿನ ನಾಟಕಗಳು ನಿಲ್ಲಲಾರವು. ಹಳೆಯ ಬಸವಪುರಾಣಗಳಲ್ಲಿ ಬಿಜ್ಜಳನ ಕ್ರೌರ್ಯವಿದೆ, ಲಗ್ನವಿಲ್ಲ. ಅದು ಬಳಿಕಿನ ಪರಂಪರೆಯಲ್ಲಿ ಬೆಳೆದು ನಿಂತಿತು. ಪುರಾಣಕ್ಕೆ ದುಷ್ಟನು ದುಷ್ಟನೆಂಬುದೇ ಸಾಕಾದ ಕಾರಣ. ನಾಟಕಕ್ಕೆ ಅದು ಸಾಲದು. ಪ್ರೇಕ್ಷಕನು ‘ಏಕೆ’ ಎಂದು ಕೇಳುವನು. ಹೊಲೆಯ ಹಾರುವರೆಂಬ ಭೇದವನ್ನು ಅಳಿಸಲು ಹೊರಟ ಸಮಾಜದಲ್ಲಿ ಅರಸನ ಕೋಪವು ಎಲ್ಲಿ ಎರಗಬೇಕಾಗಿತ್ತೋ ಅಲ್ಲಿಯೇ ಈ ಕಥೆಯು ಅದನ್ನು ಎರಗಿಸುತ್ತದೆ. ತಡವಾಗಿ ಬರೆಯಲ್ಪಟ್ಟಿತೆಂಬ ಮಾತ್ರಕ್ಕೆ ಅದನ್ನು ಕಟ್ಟುಕಥೆಯೆಂದು ತಳ್ಳುವುದು ಆತುರವಾದೀತು. ಶಾಸನದಷ್ಟೇ ದೃಢವೆಂದು ಆಣೆಯಿಡುವುದೂ ಸಲ್ಲದು. ಶರಣರ ನೆನಪು ಅದನ್ನು ಉಳಿಸಿಕೊಂಡಿತು, ರಂಗವು ಅದನ್ನು ನೆಲೆಗೊಳಿಸಿತು ಎನ್ನುವಷ್ಟಕ್ಕೆ ನಿಲ್ಲುವುದು ಮೇಲು.

ಇನ್ನು ಅಂತ್ಯದ ಕಷ್ಟ. ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದ ಸಂಗತಿಗಳೆಂದು ಧನಂಜಯನು ಎಣಿಸುವಾಗ ದೂರಪ್ರಯಾಣ, ವಧೆ, ಯುದ್ಧ, ರಾಜ್ಯವಿಪ್ಲವ ಎಂದು ಆರಂಭಿಸುವನು. ಇವನ್ನು ವಿಷ್ಕಂಭ ಪ್ರವೇಶಕಗಳಲ್ಲಿ ಮಾತಿನಿಂದಲೋ, ಚೂಲಿಕೆಯಲ್ಲಿ ಪರದೆಯ ಮರೆಯ ಧ್ವನಿಯಿಂದಲೋ ಸೂಚಿಸಬೇಕೆಂಬುದು ಶಾಸ್ತ್ರ. ಕಲ್ಯಾಣದ ಕಥೆಯ ಕೊನೆಯ ಅಂಕದಲ್ಲಿ ಇರುವುದಾದರೂ ಏನು? ಹರಳಯ್ಯ ಮಧುವರಸರ ವಧೆ, ಬಿಜ್ಜಳನ ವಧೆ, ಸೋವಿದೇವನ ಸೈನ್ಯದೊಡನೆ ಶರಣರ ಯುದ್ಧ, ರಾಜ್ಯದ ವಿಪ್ಲವ, ವಚನಗಳ ಕಟ್ಟುಗಳನ್ನು ಹೊತ್ತು ಚೆನ್ನಬಸವಣ್ಣನವರ ನೇತೃತ್ವದಲ್ಲಿ ಉಳವಿಯವರೆಗಿನ ದೂರಪ್ರಯಾಣ. ನಿಷಿದ್ಧವೆಂದು ಮೊದಲು ಎಣಿಸಿದ ನಾಲ್ಕೂ ಇಲ್ಲಿ ಒಟ್ಟಾಗಿ ಬಂದಿವೆ. ಕೊಲೆಯನ್ನು ರಂಗದ ನಡುವೆಯೇ ತಂದವರಿದ್ದಾರೆ, ಪರದೆಯ ಹಿಂದಿನ ಕೋಲಾಹಲದಿಂದ ಸೂಚಿಸಿದವರಿದ್ದಾರೆ. ಬಸವೇಶ್ವರರು ಕೂಡಲಸಂಗಮದಲ್ಲಿ ಐಕ್ಯರಾದುದನ್ನು ಯಾರೋ ಬಂದು ಹೇಳುವ ಸುದ್ದಿಯಾಗಿ ಇಡುವುದೇ ಉಚಿತವೆಂದು ತೋರುತ್ತದೆ; ಆ ಕ್ಷಣಕ್ಕೆ ಸಾಕ್ಷಿಯಾಗಿದ್ದವರ ಬರಹವೊಂದೂ ನಮಗೆ ಉಳಿದಿಲ್ಲ, ವೇಷಧಾರಿಯೊಬ್ಬನು ಅದನ್ನು ಅಭಿನಯಿಸಿ ತೋರಿಸುವುದು ಭಕ್ತಿಗೂ ಸಲ್ಲದು, ರಸಕ್ಕೂ ಸಲ್ಲದು.

ದೂರಪ್ರಯಾಣವೊಂದು ಮಾತ್ರ ಯಾವ ರಂಗಕ್ಕೂ ಹಿಡಿಯುವಂಥದಲ್ಲ. ಕಾಳಿನದಿಯ ಸೀಮೆಯ ದಟ್ಟ ಕಾಡನ್ನು ಪರದೆಯ ಮೇಲೆ ಬರೆಯಬಹುದು, ನಾಲ್ಕಾರು ನಟರನ್ನು ಗಂಟುಮೂಟೆಗಳೊಡನೆ ಎಡದಿಂದ ಬಲಕ್ಕೆ ನಡೆಸಬಹುದು. ಅಷ್ಟರಿಂದ ಆ ದಾರಿಯು ಸವೆಯುವುದಿಲ್ಲ. ಅದನ್ನು ಭಕ್ತರು ತಾವೇ ನಡೆದು ತೋರಿಸುತ್ತಾರೆ. ಮಾಘಮಾಸದ ಭಾರತ ಹುಣ್ಣಿಮೆಯ ಉಳವಿಯ ಜಾತ್ರೆಗೆ ಧಾರವಾಡ ಬೆಳಗಾವಿ ಸೀಮೆಗಳ ರೈತರು ಎತ್ತುಗಳನ್ನು ಸಿಂಗರಿಸಿ, ಚಕ್ಕಡಿಗಳಲ್ಲಿ ಬುತ್ತಿಯನ್ನೂ ಮಕ್ಕಳುಮರಿಗಳನ್ನೂ ಏರಿಸಿಕೊಂಡು, ಕಾಡಿನ ಹಾದಿಯಲ್ಲಿ ತಂಗಿ ತಂಗಿ ಚೆನ್ನಬಸವಣ್ಣನವರ ಸಮಾಧಿಯವರೆಗೆ ಹೋಗುತ್ತಾರೆ. ಮೋಟಾರುಗಳು ಬಂದ ಮೇಲೆಯೂ ಚಕ್ಕಡಿಗಳ ಸಾಲು ನಿಂತಿಲ್ಲ.